ಅಬ್ವೋಲಿಯ ನಡಾವಳಿ ಪುಸ್ತಕ

ಅಬ್ವೋಲಿಯನ್ನು ಮಣ್ಣು ಮಾಡುವ ಹಿಂದಿನ ದಿನ ಅವನ ಹೆಂಡತಿ ನನ್ನ ಕೈಗೆ ಮೂರು ದಪ್ಪ ಪುಸ್ತಕಗಳನ್ನು ಕೊಟ್ಟು, "ಮೇಷ್ಟ್ರೇ, ಜೀವನ ಚರಿತ್ರೆ ನೀವೇ ಓದ್ಬೇಕು. ತಾರೀಕು ಗೀರೀಕು ಬೇಕಾದ್ರೆ ಇದ್ರಲ್ಲಿ ನೋಡ್ಕೊಳ್ಳಿ" ಎಂದಳು. ಗುಂಡಿಯ ಮುಂದೆ ನಿಂತು ಸತ್ತವರ ಚರಿತ್ರೆ ಓದದೆ ನಮ್ಮಲ್ಲಿ ಯಾರನ್ನೂ ಮಣ್ಣಿಗಿಡುವುದಿಲ್ಲ. ನಾನು ನಿವೃತ್ತ ಮೇಷ್ಟ್ರು. ಎದ್ದುಹೋಗಲಾಗದ ಜನರ ಮುಂದೆ ಮಾತಾಡುವ ಅವಕಾಶವನ್ನು ಎಂದೂ ಬಿಟ್ಟವನಲ್ಲ. ಆದರೆ ಅಂದು ಎರಡು ಪುಟ ಓದಿ ಹಾಳೆ ಮಡಚಿಬಿಟ್ಟೆ. ಓದಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನ ಹೆಸರು ಬಾಗುಮಾ. ಆದರೆ ನಮ್ಮ ತೋರೋ ನಾಡಿನಲ್ಲಿ ಬೇಕಾದವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಹುಟ್ಟಿದಾಗಲೇ ಇಟ್ಟ ಪ್ರೀತಿಯ ಹೆಸರೊಂದಿರುತ್ತದೆ. ಅವನು ಅಬ್ವೋಲಿ, ನಾನು ಅಚಾಲಿ. ಅವನ ಅಪ್ಪ ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದ. ಅಬ್ವೋಲಿ ಏಳನೇ ತರಗತಿಗೆ ಶಾಲೆ ಬಿಟ್ಟ. ಆದರೆ ಅವನ ಅಕ್ಷರ ಜೋಳದ ಕಾಳು ಜೋಡಿಸಿದ ಹಾಗಿತ್ತು. ಅದನ್ನು ನೋಡಿಯೇ ಕಿರಂಬೊ ಊರಿನವರು ಅವನನ್ನು ಊರ ಮಂಡಳಿಯ ಕಾರ್ಯದರ್ಶಿ ಮಾಡಿದರು. ಆಮೇಲೆ ಹದಿನೇಳು ವರ್ಷ ಊರ ಮಂಡಳಿಗೆ ಚುನಾವಣೆಯೇ ಬರಲಿಲ್ಲ. ಹಾಗಾಗಿ ಅವನನ್ನು ಇಳಿಸುವವರೂ ಬರಲಿಲ್ಲ.

ಕಾಲಿಗೆ ಸದಾ ಗಮ್ ಬೂಟು, ಸೊಂಟದ ದಾರಕ್ಕೆ ಕಟ್ಟಿದ ಮಂಡಳಿಯ ಮೊಹರು. ಮನೆಯ ಜಗಲಿಯೇ ಕಚೇರಿ. ಯಾರು ಹುಟ್ಟಿದರು, ಯಾರು ಬಂದು ನೆಲೆಸಿದರು, ಯಾರ ಮೇಕೆ ಯಾರ ಬೀನ್ಸ್ ತಿಂದಿತು, ಎಲ್ಲವೂ ಆ ಮೂರು ಪುಸ್ತಕಗಳಲ್ಲಿದೆ. ಒಂದು ಪಂಚಾಯಿತಿಯ ನಡಾವಳಿಯ ಕೊನೆಗೆ, "ಮೇಕೆಯನ್ನು ಸಭೆಗೆ ತರಲಾಯಿತು. ಪಶ್ಚಾತ್ತಾಪ ಕಾಣಲಿಲ್ಲ" ಎಂದಿದೆ. ಕಂಡದ್ದನ್ನು ಬರೆಯುತ್ತಿದ್ದ, ಕಾಣದ್ದನ್ನು ಬರೆಯುತ್ತಿರಲಿಲ್ಲ. ನನ್ನ ಮಗಳನ್ನು ಒಂದು ವರ್ಷ ಮೊದಲೇ ಶಾಲೆಗೆ ಸೇರಿಸಬೇಕೆಂದು, ಹುಟ್ಟಿದ ತಿಂಗಳನ್ನು ಚೂರು ಹಿಂದೆ ಸರಿಸು ಎಂದು ಕೇಳಿದ್ದೆ.

"ಅಚಾಲಿ, ಅವಳು ಹುಟ್ಟಿದ ದಿನ ನಿನ್ನ ಮನೆ ಅಂಗಳದಲ್ಲಿ ಕೂತು ನಾನೇ ರಾಗಿ ಮುದ್ದೆ ಉಂಡಿದೀನಿ. ಈಗ ಎರಡು ತಿಂಗಳು ಮುಂಚೆ ಉಂಡೆ ಅಂತ ಹೇಗೋ ಬರೀಲಿ?" ಎಂದು ಪುಸ್ತಕ ಮುಚ್ಚಿದ.

ಆರು ವರ್ಷದ ಹಿಂದೆ ಕೊನೆಗೂ ಚುನಾವಣೆ ಬಂತು. ಊರಿನಲ್ಲಿ ನನ್ನಷ್ಟು ಓದಿದವರಿಲ್ಲ ಎಂದು ನನಗೆ ಮೊದಲಿಂದಲೂ ಗೊತ್ತಿತ್ತು; ಊರಿಗೂ ಗೊತ್ತಿರಬೇಕೆಂದು ಅಧ್ಯಕ್ಷ ಸ್ಥಾನಕ್ಕೆ ನಿಂತೆ. ಎದುರಾಳಿ ಬಾಳೆಗೊನೆ ವ್ಯಾಪಾರ ಮಾಡುವ ಅಟ್ವೋಕಿ. ಅವಳು ಪ್ರಚಾರವನ್ನೇ ಮಾಡಲಿಲ್ಲ. ನಾನು ಪ್ರಜಾಪ್ರಭುತ್ವ ಹುಟ್ಟಿಬೆಳೆದ ಬಗೆಯನ್ನು ಕುರಿತು ಮೂರು ಕಡೆ ಭಾಷಣ ಮಾಡಿದೆ.

ಮುನ್ನಾದಿನ ಅಬ್ವೋಲಿ ಹೇಳಿದ: "ನೋಡು, ನಾನು ನಿನ್ನ ಹಿಂದೆ ನಿಲ್ಲಲ್ಲ."

"ಆಯ್ತಪ್ಪ, ಮುಂದೆ ನಿಂತ್ಕೋ" ಎಂದು ನಕ್ಕೆ. ತಮಾಷೆ ಎಂದುಕೊಂಡಿದ್ದೆ.

ಊರ ಮಂಡಳಿಯ ಚುನಾವಣೆಗೆ ನಮ್ಮಲ್ಲಿ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಅಭ್ಯರ್ಥಿಗಳು ಮೈದಾನದಲ್ಲಿ ನಿಲ್ಲುತ್ತಾರೆ. ಬೇಕಾದವರ ಹಿಂದೆ ಜನ ಸಾಲುಗಟ್ಟುತ್ತಾರೆ. ಅಧಿಕಾರಿ ತಲೆ ಎಣಿಸುತ್ತಾನೆ. ಅಭ್ಯರ್ಥಿ ಮಾತ್ರ ತಿರುಗಿ ನೋಡುವಂತಿಲ್ಲ. ನಾನು ಸುಡುಬಿಸಿಲಲ್ಲಿ ಕೋಟು ಹಾಕಿಕೊಂಡು, ವಂದನಾರ್ಪಣೆಯ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು, ಚರ್ಚಿನ ಗೋಡೆ ನೋಡುತ್ತ ನಿಂತಿದ್ದೆ.

"ಎಪ್ಪತ್ನಾಕು, ಎಪ್ಪತ್ನಾಕು!" ಎಂದು ಅಧಿಕಾರಿ ಕೂಗಿದ. "ಸಮ ಆಯ್ತು. ಸಾಲಿಗೆ ನಿಲ್ಲದೋರು ಯಾರಾದ್ರೂ ಇದೀರಾ?"

ಒಬ್ಬನೇ ಇದ್ದ. ನಿವಾಸಿಗಳ ಪುಸ್ತಕ ಹಿಡಿದು, ಹೊರಗಿನವರು ಸಾಲಿಗೆ ಸೇರದಂತೆ ಬೆಳಗಿನಿಂದ ಕಾಯುತ್ತಿದ್ದ ಕಾರ್ಯದರ್ಶಿ. ಗಮ್ ಬೂಟಿನ ಪಟಪಟ ಸದ್ದು ಕೇಳಿಸಿತು. ಹತ್ತಿರ ಬಂತು. ನಾನು ಕೋಟಿನ ಗುಂಡಿ ಹಾಕಿಕೊಂಡೆ. ಸದ್ದು ನನ್ನ ಬೆನ್ನ ಹಿಂದಿನಿಂದ ಹಾದು ಅಟ್ವೋಕಿಯ ಕಡೆಗೆ ಹೋಗಿ ನಿಂತಿತು.

ಚೀಟಿಯಾಗಿದ್ದರೆ ಯಾರನ್ನು ಬೇಕಾದರೂ ಅನುಮಾನಿಸಿ ಸಮಾಧಾನ ಪಟ್ಟುಕೊಳ್ಳಬಹುದಿತ್ತು. ನಮ್ಮ ಪದ್ಧತಿಯಲ್ಲಿ ಆ ಸುಖವಿಲ್ಲ. ಒಂದು ಮತದಿಂದ ಸೋತೆ. ಆ ಮತ ಗಮ್ ಬೂಟು ಹಾಕಿಕೊಂಡು ದಿನಾ ನನ್ನ ಮನೆ ಮುಂದೆಯೇ ಓಡಾಡುತ್ತಿತ್ತು.

ಅಟ್ವೋಕಿ ಅಬ್ವೋಲಿಯನ್ನೇ ಕಾರ್ಯದರ್ಶಿಯಾಗಿ ಉಳಿಸಿಕೊಂಡಳು; ದೊಡ್ಡ ಮನಸ್ಸಿನಿಂದ ನನ್ನನ್ನೂ ಸಮಿತಿಗೆ ತೆಗೆದುಕೊಂಡು ಮಾಹಿತಿಯ ಕೆಲಸ ಕೊಟ್ಟಳು. ನಾನು ಒಂದು ಸಭೆಗೂ ಹೋಗಲಿಲ್ಲ, ಅಬ್ವೋಲಿಯೊಂದಿಗೆ ಮಾತೂ ಬಿಟ್ಟೆ. ಕಾರಣ ತಿಳಿಸದೆ ಸತತ ಮೂರು ಸಭೆ ತಪ್ಪಿಸಿದರೆ ಹೆಸರು ಹೊಡೆದುಹಾಕಬೇಕೆಂಬ ನಿಯಮವಿದೆ. ಅಬ್ವೋಲಿ ನನ್ನ ಹೆಸರು ಹೊಡೆಯಲಿ, ನೋಡೋಣ ಎಂದು ಕಾದೆ. ಹೊಡೆಯಲಿಲ್ಲ. ನನ್ನನ್ನು ಕಂಡರೆ ಹೆದರಿಕೆ ಎಂದುಕೊಂಡೆ.

ಹನ್ನೊಂದು ತಿಂಗಳಾದ ಮೇಲೆ, ಮಗಳ ಕಾಲೇಜಿಗೆ ತಂದೆಯ ಬಗ್ಗೆ ಊರ ಮಂಡಳಿಯ ಪತ್ರ ಬೇಕಾಯಿತು. ಮೊಹರು ಇದ್ದದ್ದು ಅವನ ಸೊಂಟದಲ್ಲಿ. ಬೇರೆ ದಾರಿಯಿಲ್ಲದೆ ಜಗಲಿ ಹತ್ತಿದೆ. ಅವನು ತಲೆ ಎತ್ತಲಿಲ್ಲ.

"ಹೆಸರು?"

"ನಿಂಗೊತ್ತಿಲ್ವಾ?"

"ನಂಗೆ ಗೊತ್ತು. ಪತ್ರಕ್ಕೆ ಗೊತ್ತಿಲ್ಲ."

"ಕಟೂರಮು."

"ಎಷ್ಟು ವರ್ಷದಿಂದ ಈ ಊರಲ್ಲಿದೀರಿ?"

"ನಿನ್ನ ಜೊತೆ ಪೇರಲೆಹಣ್ಣು ಕದ್ದಾಗಿಂದ!"

"ನಡತೆ?"

"ಅದನ್ನ ನೀನೇ ಬರಿ, ಮಹಾರಾಯ."

ಅವನು ಸೊಂಟದ ಮೊಹರು ಬಿಚ್ಚುತ್ತ, "ಒಳ್ಳೇದು ಅಂತ ಬರೀತೀನಿ. ಹನ್ನೊಂದು ತಿಂಗಳು ಬಿಟ್ಟು" ಎಂದ. ನನಗೆ ನಗು ತಡೆಯಲಾಗಲಿಲ್ಲ.

"ಆ ದಿನ ಯಾಕೋ ಆ ಕಡೆ ಹೋದೆ?" ಎಂದು ಕೇಳಿದೆ.

"ಜಗಳ ಆಡ್ಕೊಂಡು ಬಂದೋರಿಗೆ ನೀನು ಪಾಠ ಮಾಡ್ತೀಯ. ಅಟ್ವೋಕಿ ಮೊದ್ಲು ಊಟಕ್ಕಿಡ್ತಾಳೆ. ಉಂಡ ಮೇಲೆ ಅರ್ಧ ಜಗಳ ಇರೋದೇ ಇಲ್ಲ."

ಮುಂದಿನ ತಿಂಗಳಿಂದ ಸಭೆಗೆ ಹೋದೆ. ಅದು ಅಲ್ಲಿಗೆ ಮುಗಿಯಿತೆಂದೇ ಐದು ವರ್ಷ ತಿಳಿದಿದ್ದೆ.

ಮಣ್ಣು ಮಾಡುವ ಹಿಂದಿನ ರಾತ್ರಿ ತಾರೀಕು ಹುಡುಕಲು ನಡಾವಳಿ ಪುಸ್ತಕ ತೆರೆದಾಗ ಆ ಹನ್ನೊಂದು ತಿಂಗಳು ಕಣ್ಣಿಗೆ ಬಿದ್ದವು. "ಕಟೂರಮು: ಗೈರು. ಕಾರಣ ತಿಳಿಸಿದ್ದಾರೆ: ಮಲೇರಿಯಾ." ಮುಂದಿನ ತಿಂಗಳು: "ಕಾರಣ ತಿಳಿಸಿದ್ದಾರೆ: ಬೀಗರು ಬಂದಿದ್ದಾರೆ." ಆಮೇಲೆ ಹಲ್ಲುನೋವು. ಆಮೇಲೆ "ಹಸು ಈದಿದೆ." ನಾನು ಯಾವ ಕಾರಣವನ್ನೂ ತಿಳಿಸಿರಲಿಲ್ಲ. ನನ್ನಲ್ಲಿ ಹಸುವೇ ಇಲ್ಲ. ನನ್ನ ಮಗಳ ವಯಸ್ಸಿನ ಎರಡು ತಿಂಗಳಿಗಾಗಿ ಸುಳ್ಳು ಬರೆಯದವನು ನನ್ನ ಸ್ಥಾನ ಉಳಿಸಲು ಹನ್ನೊಂದು ಸುಳ್ಳನ್ನು ಅದೇ ದುಂಡು ಅಕ್ಷರದಲ್ಲಿ ಬರೆದಿದ್ದ. ಆಗ ನೆನಪಾಯಿತು: ಆ ವರ್ಷ ಸಂತೆಯಲ್ಲಿ ಸಿಕ್ಕವರೆಲ್ಲ "ಮೇಷ್ಟ್ರೇ, ಹಲ್ಲು ಹೇಗಿದೆ?" "ಕರು ಹೆಣ್ಣೋ ಗಂಡೋ?" ಎನ್ನುತ್ತಿದ್ದರು. ಸೋತವನನ್ನು ಆಡಿಕೊಳ್ಳುತ್ತಿದ್ದಾರೆಂದು ನಾನು ಛತ್ರಿ ಅಡ್ಡ ಹಿಡಿದು ನಡೆದುಬಿಡುತ್ತಿದ್ದೆ.

ಆ ಪುಟಗಳು ನನ್ನನ್ನು ಸುಮ್ಮನಿರಗೊಡಲಿಲ್ಲ. ಅವನ ಪುಸ್ತಕದಲ್ಲಿ ಸುಳ್ಳು ಉಳಿಯಬಾರದು, ಅದೂ ನನ್ನ ದೆಸೆಯಿಂದ. ಹೋದ ವಾರದ ಸಭೆಯಲ್ಲಿ ನಡಾವಳಿ ಬರೆಯಲು ನನ್ನನ್ನೇ ಕೂರಿಸಿದ್ದರು. ಎದ್ದು ನಿಂತು, ಆ ಹನ್ನೊಂದು ಕಾರಣಗಳನ್ನು ಹೊಡೆದುಹಾಕಬೇಕು, ನಿಯಮದಂತೆ ನನ್ನ ಸ್ಥಾನವನ್ನೂ ತೆಗೆಯಬೇಕು ಎಂದು ಸೂಚಿಸಿದೆ. ಮೂರು ನಿಯಮಗಳನ್ನು ಸಂಖ್ಯೆ ಸಮೇತ ಹೇಳಿದೆ.

ಅಟ್ವೋಕಿ ಕೊನೆಯವರೆಗೆ ಕೇಳಿಸಿಕೊಂಡಳು. "ಮೇಷ್ಟ್ರೇ, ಪ್ರತಿ ತಿಂಗಳೂ ಅಬ್ವೋಲಿ ಎದ್ದು ಗಟ್ಟಿಯಾಗಿ ಓದೋರು. ಇಲ್ಲಿ ಯಾರಿಗೆ ಗೊತ್ತಿರ್ಲಿಲ್ಲ ಹೇಳಿ? ಹಸು ಈದ ದಿನ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ."

"ಆದ್ರೂ ಸುಳ್ಳು ಸುಳ್ಳೇ ಅಲ್ವೇನಮ್ಮ?"

"ಗೈರು ಅಂತ ಬರೆದಿದ್ದು ನಿಜ. ನಿಮಗೆ ಕಾಯಿಲೆ ಇತ್ತು ಅನ್ನೋದೂ ನಿಜ. ಯಾವ ಕಾಯಿಲೆ ಅನ್ನೋದ್ರಲ್ಲಿ ಮಾತ್ರ ಅವರಿಗೆ ಸ್ವಲ್ಪ ಗೊಂದಲ ಇತ್ತು. ಕೂತ್ಕೊಳ್ಳಿ. ಮೇಷ್ಟ್ರ ಸೂಚನೆಗೆ ಅನುಮೋದನೆ ಯಾರು ಕೊಡ್ತೀರಿ?"

ನನ್ನ ಹೆಂಡತಿಯ ಕಡೆ ನೋಡಿದೆ. ಅವಳು ಸೂರು ನೋಡುತ್ತಿದ್ದಳು. ಯಾರೂ ಕೈ ಎತ್ತಲಿಲ್ಲ.

"ಕಟೂರಮು ಅವರ ಸೂಚನೆಗೆ ಅನುಮೋದಕರು ದೊರೆಯಲಿಲ್ಲ. ಸೂಚನೆ ಬಿದ್ದುಹೋಯಿತು" ಎಂದು ನಾನೇ ಬರೆದೆ. ಕಣ್ಣು ಮಂಜಾಗಿದ್ದರಿಂದ ಸಾಲು ಓರೆಯಾಯಿತು. ತಲೆ ಎತ್ತುವಷ್ಟರಲ್ಲಿ ಸಭೆ ಆಸ್ಪತ್ರೆ ದಾರಿಯ ವಿಷಯ ಮುಗಿಸಿ ಅದರ ಮುಂದಿನದಕ್ಕೆ ಹೋಗಿತ್ತು. ಏನು ತೀರ್ಮಾನವಾಯಿತೆಂದು ಪಕ್ಕದವರನ್ನು ಕೇಳಿ ಬರೆದುಕೊಂಡೆ.