ಒದೆಯಲ್ಲಿ ಏನೂ ಇಲ್ಲ

ನಾನು ಕಾಲು ಮುಂದಾಗಿ ಹುಟ್ಟಿದವಳು. ಸೂಲಗಿತ್ತಿ ಅದನ್ನು ಊರಿಗೆಲ್ಲ ಸಾರಿಬಿಟ್ಟಳು. ಹಾಗೆ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಡೆಯಲು ಕಲಿತ ದಿನದಿಂದ ಒದೆಯುತ್ತಲೇ ಇದ್ದೇನೆ. ನನಗಿಂತ ಹಿರಿಯರು, ಗುರುತು ಪರಿಚಯ ಇಲ್ಲದವರು, ಒಮ್ಮೆ ಕೆ.ಆರ್. ನಗರದಿಂದ ಕಾರು ಮಾಡಿಕೊಂಡು ಬಂದ ಮೇಷ್ಟ್ರು, ಎಲ್ಲರೂ ನಾನು ಮುಖ ತೊಳೆಯುವ ಮೊದಲೇ ಬಂದು ಜಗಲಿಯ ಮೇಲೆ ಬೋರಲು ಮಲಗುತ್ತಾರೆ. ಕುತ್ತಿಗೆ ಹಿಡಿದುಕೊಂಡವನೂ ಬರುತ್ತಾನೆ. ಕುತ್ತಿಗೆಗೆ ಒದ್ದು ಹೆಚ್ಚುಕಮ್ಮಿಯಾದರೆ ಪೊಲೀಸರಿಗೆ ಉತ್ತರ ಹೇಳುವವರು ಯಾರು?

ನನಗೆ ಬರುವ ವಿದ್ಯೆ ಇರುವುದು ಕೈಯಲ್ಲಿ. ನನ್ನ ಅತ್ತೆ ಕಲಿಸಿದ್ದು. ಉಳುಕಿದ ಕಾಲಾದರೆ ಹಿಮ್ಮಡಿ ಒಂದು ಅಂಗೈಯಲ್ಲಿ, ಪಾದ ಇನ್ನೊಂದರಲ್ಲಿ. ಯಾವ ಕಡೆ ತಿರುಗಿಸಿದರೆ ನೋವಿಲ್ಲವೋ ಆ ಕಡೆಗೇ ಮೆಲ್ಲಗೆ ತಿರುಗಿಸಿ, ಅಲ್ಲೇ ಹಿಡಿದು ಕಾಯಬೇಕು. ಬಿಗಿದುಕೊಂಡ ನಾರು ಬೆರಳಿನ ಕೆಳಗೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ನಿಧಾನಕ್ಕೆ ಜಾಗಕ್ಕೆ ತರಬೇಕು. ಇದು ಯಾರಿಗೂ ಬೇಡ. ಅವರಿಗೆ ಲಟಕ್ ಎಂದು ಸದ್ದು ಬರಬೇಕು, ಇಲ್ಲವೇ ಒದೆ ಬೇಕು.

ಹೋದ ವರ್ಷ ಹೊಗೆಸೊಪ್ಪು ಮುರಿಯುವಾಗ ನನ್ನ ಸೊಸೆ ಸೊಪ್ಪಿನ ಹೊರೆ ಹೊತ್ತುಕೊಂಡು ಬದುವಿನ ಮೇಲೆ ಜಾರಿದಳು. ಕಾಲಿನ ಹರಡು ಬದನೆಕಾಯಿಯಂತೆ ಊದಿತು. ನಾನು ಮುಟ್ಟಿ ನೋಡಿ, ಮೊದಲು ಎಕ್ಸ್‌ರೇ ತೆಗೆಸಿ ಎಂದೆ. ಮೂಳೆ ಮುರಿದಿದ್ದರೆ ನಾನು ಕೈ ಹಾಕುವುದಿಲ್ಲ. ಹುಣಸೂರಿನ ಡಾಕ್ಟರು ಮೂಳೆ ಚೆನ್ನಾಗಿದೆ, ಲಿಗಮೆಂಟು ಎಳೆದುಕೊಂಡಿದೆ, ಮೂರು ವಾರ ಕಾಲು ಊರಬಾರದು ಎಂದರು.

ನನ್ನ ಮಗನ ಕಿವಿಗೆ ಬಿದ್ದದ್ದು ಮೊದಲನೇ ಮಾತು ಮಾತ್ರ.

"ಮೂಳೆ ಮುರ್ದಿಲ್ಲ ಅಂದ್ರಲ್ಲವ್ವ. ಕೂತ್ಕಂಡೇ ಸೊಪ್ಪು ಕಟ್ಲಿ, ಏನಾದದು?"

ಕೂತು ಕಟ್ಟುತ್ತಾಳೆ, ಸರಿ. ಸೊಪ್ಪು ಕಟ್ಟಿದ ಕಡ್ಡಿಯನ್ನು ಒಣಗಿಸುವ ಬ್ಯಾರನ್ನಿಗೆ ಸಾಗಿಸುವವರು ಯಾರು? ಒಲೆ ಮುಂದೆ ನಿಲ್ಲುವವರು ಯಾರು? ಮೂರನೇ ದಿನಕ್ಕೆ ಇಳಿದಿದ್ದ ಊತ ಮತ್ತೆ ಏರಿತು. ನಾನು ಬೆಳಿಗ್ಗೆ ಸಡಿಲ ಮಾಡಿದ್ದನ್ನು ಇವರು ಸಂಜೆಯೊಳಗೆ ಕೆಡಿಸುತ್ತಿದ್ದರು. ನಮ್ಮ ಬೀದಿಯಲ್ಲೇ ಒಬ್ಬಳಿದ್ದಳು, ಹೀಗೇ ಆರೈಕೆಯಿಲ್ಲದೆ ಬಿಟ್ಟ ಕಾಲು. ಸಮನೆಲದಲ್ಲೂ ಹೊರಳುತ್ತಿತ್ತು, ಸಾಯುವ ತನಕ ಕುಂಟಿದಳು. ಇವಳಿಗೆ ಇನ್ನೂ ಮೂವತ್ತು ದಾಟಿಲ್ಲ.

"ಕೂರೇ ಸುಮ್ನೆ" ಎಂದರೆ ಅವಳು, "ನಾನ್ ಕೂತ್ರೆ ಮನೆ ನಡೀತದಾ ಅತ್ತೆ?" ಎನ್ನುತ್ತಿದ್ದಳು.

ಬೈದು ಬೈದು ಗಂಟಲು ಬತ್ತಿತು. ನಾಲ್ಕನೇ ದಿನ ಬೆಳಿಗ್ಗೆ ಅವಳನ್ನು ಜಗಲಿಯ ಮೇಲೆ ಮಲಗಿಸಿ, ಮಗನನ್ನು ಕರೆದು ನಿಲ್ಲಿಸಿಕೊಂಡು, ಊದಿದ ಹರಡನ್ನು ಬಿಟ್ಟು ಅವಳ ಸೊಂಟಕ್ಕೆ ಮೂರು ಸಲ ನನ್ನ ಕಾಲಿನ ಹೆಬ್ಬೆರಳು ತಾಗಿಸಿದೆ.

"ನೋಡ್ಲಾ, ಒದ್ದಿವ್ನಿ. ಒಂಬತ್ತು ದಿನ ಇವ್ಳ ಕಾಲು ನೆಲ ಮುಟ್ಟಂಗಿಲ್ಲ. ಮುಟ್ಟುದ್ರೆ ಇನ್ನು ಯಾರ್ ಒದ್ರೂ ಹೋಗಾಕಿಲ್ಲ ಕಣ್ಲಾ."

ಡಾಕ್ಟರ ಮಾತಿಗೆ ತಲೆಬಾಗದವನು ಈ ಸುಳ್ಳಿಗೆ ಬಾಗಿದ. ಹೆಂಡತಿಯನ್ನು ಬಚ್ಚಲಿಗೆ ಎತ್ತಿಕೊಂಡು ಹೋದ. ಕಡ್ಡಿ ತಾನೇ ಹೊತ್ತ. ಮುದ್ದೆಯನ್ನೂ ತಿರುವಿದ, ಗಂಟು ಗಂಟಾಗಿ. ನಾನು ಬೆಳಿಗ್ಗೆ ಸಂಜೆ ಹರಳೆಣ್ಣೆ ಬಿಸಿ ಮಾಡಿ ಕಾಲು ಹಿಡಿದು ಕೂರುತ್ತಿದ್ದೆ. ಒಂಬತ್ತು ದಿನ ಮುಗಿದ ಮೇಲೆ ಕಂಬ ಹಿಡಿಸಿ ನಿಲ್ಲಿಸಿದೆ, ಆಮೇಲೆ ನಡೆಸಿದೆ. ಕುಂಟಲಿಲ್ಲ.

"ನಮ್ಮವ್ವ ಒದ್ದಿದ್ದೇ ತಡ, ಸರಿಹೋಯ್ತು" ಎಂದು ಮಗ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ಹದಿನೆಂಟು ಸಲ ಕಾಲು ಹಿಡಿದು ಕೂತ ಕೈ ಯಾರ ಲೆಕ್ಕಕ್ಕೂ ಬರಲಿಲ್ಲ.

ನಾವಿಬ್ಬರೇ ಇದ್ದಾಗ ಸೊಸೆಗೆ, ಅದೆಲ್ಲ ಸುಳ್ಳು ಕಣೆ, ಒದೆಯಲ್ಲಿ ಏನೂ ಇಲ್ಲ ಎಂದೆ.

"ಗೊತ್ತಿತ್ತು ಬುಡಿ ಅತ್ತೆ. ಅಂಗಂದಿದ್ಕೇ ನಿಮ್ಮ ಮಗ ನನ್ನ ಕೂರಾಕ್ ಬುಟ್ಟಿದ್ದು." ಸೊಪ್ಪಿನ ಅಂಟು ಹಿಡಿದ ಬೆರಳು ಉಜ್ಜಿಕೊಳ್ಳುತ್ತಾ ಕೇಳಿದಳು: "ಡಾಕ್ಟ್ರು ಮೂರು ವಾರ ಅಂದಿದ್ರು. ನೀವ್ಯಾಕೆ ಒಂಬತ್ತೇ ದಿನ ಯೋಳುದ್ರಿ?"

ನಾನು ಒದ್ದ ದಿನ ಹೊಲದಲ್ಲಿ ಇನ್ನೊಂದು ಮುರಿತಕ್ಕೆ ಆಗುವಷ್ಟು ಸೊಪ್ಪು ನಿಂತಿತ್ತು. ಅದು ಹಣ್ಣಾಗಿ ಇವಳ ಕೈ ಬೇಕಾಗುವುದಕ್ಕೆ ಎಷ್ಟು ದಿನ ಇತ್ತೋ ಅಷ್ಟು ದಿನವನ್ನೇ ನಾನೂ ಹೇಳಿದ್ದು.

ಈಗಲೂ ಸಂಜೆಯ ಹೊತ್ತಿಗೆ ಆ ಹರಡು ಸ್ವಲ್ಪ ಊದುತ್ತದೆ. ಕಾಲು ಹಿಡಿಯಿರಿ ಎಂದು ಅವಳು ಕೇಳುವುದಿಲ್ಲ. ನಾನೇ ಎಣ್ಣೆ ಬಿಸಿ ಮಾಡಿಕೊಂಡು ಹೋಗಿ ಕೂರುತ್ತೇನೆ.