ಗೈಡಿನ ಕಾಕಾ ಮತ್ತು ಹಿನ್ನೀರಿನ ಕೆಸರು

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರು ಅನೇಕರಿದ್ದಾರೆ. ಇಂಗ್ಲಿಷಿನ ಪರೀಕ್ಷೆಯಲ್ಲಿ ಪ್ರಬಂಧವೆಂಬುದನ್ನು ಮಕ್ಕಳು ತಾವೇ ಬರೆಯಬಹುದೆಂದು ನಂಬಿದವರು, ನಂಬಿದ್ದಕ್ಕಾಗಿ ಬೈಸಿಕೊಂಡವರು, ಬೈಸಿಕೊಂಡೂ ಬಿಡದವರು ನಾನು ಕಂಡಂತೆ ಒಬ್ಬರೇ. ಅವರೇ ಬನಹಟ್ಟಿಯ ನಮ್ಮ ಶಾಲೆಯಿಂದ ಈಗ ನಿವೃತ್ತರಾಗುತ್ತಿರುವ ಪೂಜ್ಯ ಗುರುಗಳಾದ ಶ್ರೀ ಗೌರೀಶ ಚನಮಲ್ಲಪ್ಪ ಕಡಪಟ್ಟಿಯವರು.

ಅವರ ಅಭಿನಂದನ ಗ್ರಂಥಕ್ಕಾಗಿ ಈ ಲೇಖನವನ್ನು ನಾನು ಮೊದಲು "ಸರಳತೆ, ಸಜ್ಜನಿಕೆ, ಸಮಯಪಾಲನೆಗಳ ತ್ರಿವೇಣಿ ಸಂಗಮ" ಎಂದು ಆರಂಭಿಸಿದ್ದೆ. ಹಾಗೆ ಬರೆದ ಹಾಳೆಯನ್ನು ಆಶೀರ್ವಾದಕ್ಕೆಂದು ಗುರುಗಳ ಕೈಗೆ ಕೊಟ್ಟೆ. ಅವರು ಆಶೀರ್ವಾದ ಮಾಡುವುದನ್ನು ಬಿಟ್ಟು ಜೇಬಿನಿಂದ ಕೆಂಪು ಪೆನ್ನು ತೆಗೆದರು.

"ಇದು ಯಾರ ಬಗ್ಗೆ ಐತಿ, ಪ್ರತಿಮಾ? ಹೆಸರು ತಗದ್ರ ಊರಾಗ ಯಾರಿಗಿ ಬೇಕಾದರೂ ಒಪ್ಪತೈತಿ. ಅದರಾಗ ಸಮಯಪಾಲನೆ ಅಂತ ಬೇರೆ ಬರದೀದಿ. ಗಂಟಿ ಹೊಡದಮ್ಯಾಲೆ ನಾನು ಗೇಟಿನ ಹತ್ರ ಓಡಿ ಬರೂದನ್ನ ನೀ ನೋಡಿಲ್ಲೇನು?"

ನೋಡಿದ್ದೇನೆ. ಬೀಳಗಿಯ ಶಾಲೆಯೊಂದರಲ್ಲಿ ನಾನೂ ಈಗ ಇಂಗ್ಲಿಷ್ ಶಿಕ್ಷಕಿ. ನೂರಾರು ಉತ್ತರಪತ್ರಿಕೆಗಳನ್ನು ತಿದ್ದುತ್ತೇನೆ. ಆದರೂ ಗುರುಗಳ ಕೆಂಪು ಪೆನ್ನು ಕಂಡರೆ ಇಂದಿಗೂ ಎದ್ದು ನಿಲ್ಲುತ್ತೇನೆ. ಆದ್ದರಿಂದ ಸಂಗಮವನ್ನು ಅಲ್ಲಿಯೇ ಬಿಟ್ಟು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಸೇವೆಗೆ ಸೇರಿದ ಹೊಸದರಲ್ಲಿ ಸರ್ ಅವರೂ ಎಲ್ಲರಂತೆ ಗೈಡು ನಂಬಿದವರೇ. ಗೈಡಿನಲ್ಲಿ ರೈಲು ಪ್ರಯಾಣದ ಬಗ್ಗೆ ಒಂದು ಸೊಗಸಾದ ಪ್ರಬಂಧವಿತ್ತು. ಅದನ್ನು ತರಗತಿ ಪೂರ್ತಿ ಉರು ಹೊಡೆಯಿತು. ಪರೀಕ್ಷೆಯಲ್ಲಿ ಅದೇ ಬಂತು. ತರಗತಿ ಪೂರ್ತಿ ಒಂದೇ ದಿನ, ಒಂದೇ ಡಬ್ಬಿಯಲ್ಲಿ, ಒಬ್ಬನೇ ಕಾಕಾನ ಜೊತೆಗೆ ದಿಲ್ಲಿಗೆ ಹೋಗಿ ಬಂತು. ರೈಲನ್ನು ಕಣ್ಣಿಂದ ಕಂಡವರು ಆ ತರಗತಿಯಲ್ಲಿ ಇಬ್ಬರೋ ಮೂವರೋ ಇದ್ದರಂತೆ. ಸರ್‌ಗೆ ಏನೋ ಅನುಮಾನ ಬಂದು, ಮುಂದಿನ ಬೆಂಚಿನ ಶಿವಾಜಿ ಎಂಬ ಹುಡುಗನನ್ನು ಎಬ್ಬಿಸಿ ಕೇಳಿದರು: "ನಿಮ್ಮಪ್ಪಗ ಅಣ್ತಮ್ಮರ ಇಲ್ಲಲ್ಲೋ. ಈ ಕಾಕಾ ಯಾರು?"

"ಗೈಡಿನ ಕಾಕಾರಿ, ಸರ್."

ಈ ಶಿವಾಜಿ ಈಗ ಸಮೀರವಾಡಿಯಲ್ಲಿ ನೌಕರಿಯಲ್ಲಿದ್ದಾರೆ. ಭೇಟಿಯಾದಾಗಲೆಲ್ಲ ಈ ಕತೆ ಹೇಳಿ ತಾವೇ ಮೊದಲು ನಗುತ್ತಾರೆ. ಸರ್ ಮಾತ್ರ ಅಂದು ನಗಲಿಲ್ಲವಂತೆ. ಮರುದಿನ ಗೈಡುಗಳನ್ನೆಲ್ಲ ಗಂಟು ಕಟ್ಟಿಸಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಅಂದಿನಿಂದ "ಗೈಡಿನ ಕಾಕಾ" ಎಂಬುದು ನಮ್ಮ ಶಾಲೆಯಲ್ಲಿ ಎಲ್ಲ ಬಗೆಯ ಸುಳ್ಳಿಗೂ ಹೆಸರಾಯಿತು.

ನಾವು ಅವರ ಕೈಗೆ ಸಿಗುವ ಹೊತ್ತಿಗೆ ಅವರ ಪದ್ಧತಿ ಹದಕ್ಕೆ ಬಂದಿತ್ತು. ಪ್ರಶ್ನೆ ಕೊಟ್ಟ ಕೂಡಲೇ ಯಾರೂ ಪೆನ್ನು ಮುಟ್ಟುವಂತಿರಲಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಬೇಕು, ಏನು ಕೇಳಿದ್ದಾರೆಂದು ಪಕ್ಕದವರಿಗೆ ಕನ್ನಡದಲ್ಲಿ ಹೇಳಬೇಕು. ನೀನು ಎಲ್ಲಿ ನಿಂತಿದ್ದಿ, ಏನು ನೋಡಿದಿ, ನಿನಗೆ ಏನನಿಸಿತು ಎಂಬುದನ್ನು ಮನೆಯ ಮಾತಿನಲ್ಲಿಯೇ ಬಾಯಿಬಿಟ್ಟು ಹೇಳಿದ ಮೇಲೆ ಇಂಗ್ಲಿಷಿನ ಸರದಿ. "ದೊಡ್ಡ ಶಬ್ದ ಹುಡುಕ್ಕೋತ ಹೋಗಬ್ಯಾಡ್ರಿ. ನಿಮ್ಮ ಹಂತ್ಯಾಕ ಇರೂ ಶಬ್ದಕ್ಕ ಕೆಲಸಾ ಕೊಡ್ರಿ" ಎನ್ನುತ್ತಿದ್ದರು. ವಾಕ್ಯ ಸಣ್ಣದಿರಲಿ, ಖರೆ ಇರಲಿ. ಬರೆದು ಮುಗಿದ ಮೇಲೆ ಒಮ್ಮೆ ಓದಲು ಹೊತ್ತು ಉಳಿದಿರಲಿ. ಇಷ್ಟೇ ಅವರ ಶಾಸ್ತ್ರ. ನಾವು ಎಲ್ಲಿಯಾದರೂ ಇಲ್ಲದ್ದನ್ನು ಸೇರಿಸಿ ಬರೆದರೆ ಪಕ್ಕದಲ್ಲಿ ಕೆಂಪಕ್ಷರದಲ್ಲಿ "ಖರೇನ?" ಎಂಬ ಒಂದೇ ಶಬ್ದ ಬರುತ್ತಿತ್ತು.

ಈ ಖರೆಯ ವ್ರತ ಊರಿಗೆ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಮನೆಯ ಬಗ್ಗೆ ಪ್ರಬಂಧ ಬರೆಯಿರಿ ಎಂದಾಗ ನಮ್ಮ ತರಗತಿಯ ಕಾವೇರಿ ತನ್ನ ಅವ್ವನಿಗೂ ಅಜ್ಜಿಗೂ ಚಹಾದ ಸಕ್ಕರೆಯ ಸಲುವಾಗಿ ನಡೆದ ಜಗಳವನ್ನು ಮಾತಿಗೆ ಮಾತು ಬರೆದಿದ್ದಳು. ಅದು ತರಗತಿಯಲ್ಲಿ ಒಳ್ಳೆಯ ಪ್ರಬಂಧವೆಂದು ಓದಲ್ಪಟ್ಟಿತು. ಮರುದಿನ ಅವಳ ಅಜ್ಜಿ ಪದ್ಮವ್ವನವರು ಸೆರಗು ಬಿಗಿದುಕೊಂಡು ಶಾಲೆಗೆ ಬಂದರು.

"ನಮ್ಮ ಮನಿ ಜಗಳಾ ಇಷ್ಟ ದಿವಸ ಓಣ್ಯಾಗಷ್ಟ ಇತ್ತರಿ ಮಾಸ್ತರ. ಇಂಗ್ಲೀಷಿನ್ಯಾಗ ಯಾಕ ಹಾಕಿಸಿದ್ರಿ?"

"ಯವ್ವಾ, ಭಾಳ ಛಲೋ ಬರದಾಳ್ರಿ ಮೊಮ್ಮಗಳು. ಜಗಳದಾಗ ನೀವ ಗೆದ್ದೀರಿ."

ಪದ್ಮವ್ವನವರು ಸ್ವಲ್ಪ ಯೋಚಿಸಿ, ಹಾಗಾದರೆ ಅದನ್ನು ಇನ್ನೊಮ್ಮೆ ಓದಿಸಿರೆಂದು ಹೇಳಿ ಅಲ್ಲಿಯೇ ಕುಳಿತು ಕೇಳಿದರು. ಒಂದು ಅಕ್ಷರ ತಿಳಿಯದಿದ್ದರೂ ಪ್ರಸನ್ನರಾಗಿಯೇ ಹೋದರು.

ಆದರೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಈರಪ್ಪನವರು ಪ್ರಸನ್ನರಾಗಿರಲಿಲ್ಲ. ಬೇರೆ ಶಾಲೆಯ ಮಕ್ಕಳು ಗೈಡು ಉರು ಹೊಡೆದು ಅಂಕ ತರುತ್ತಿರುವಾಗ ನಮ್ಮವರು ಸಕ್ಕರೆಯ ಜಗಳ ಬರೆಯುತ್ತಿರುವುದು ಅವರಿಗೆ ಸಹಿಸದಾಯಿತು. ಆ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಬಂಧದ ಅಂಕ ಬಾರದಿದ್ದರೆ ಹತ್ತನೆಯ ತರಗತಿಯನ್ನು ಸರ್ ಕೈಯಿಂದ ತೆಗೆದು, ಗೈಡಿನ ಕಪಾಟಿನ ಕೀಲಿಯನ್ನು ಬೇರೊಬ್ಬರಿಗೆ ಕೊಡುವುದಾಗಿ ಎಲ್ಲರೆದುರು ಹೇಳಿಬಿಟ್ಟರು.

ಮಕ್ಕಳು ಏನನ್ನಾದರೂ ಕಂಡರಲ್ಲವೇ ಬರೆಯುವುದು ಎಂದುಕೊಂಡು, ಪರೀಕ್ಷೆಗೆ ಮುಂಚೆ ಸರ್ ಇಡೀ ತರಗತಿಯನ್ನು ಬಸ್ಸಿನಲ್ಲಿ ಬೀಳಗಿಯ ಕಡೆ ಕೃಷ್ಣೆಯ ಹಿನ್ನೀರು ತೋರಿಸಲು ಕರೆದುಕೊಂಡು ಹೋದರು. ನೀರು ಹಿಂದೆ ಸರಿದು ದಂಡೆಯೆಲ್ಲ ಕೆಸರಾಗಿತ್ತು. ಮೇಲೆ ನಿಂತು ಆಕಾಶ ನೋಡಿರಿ, ನೀರಿನ ಬಣ್ಣ ನೋಡಿರಿ ಎಂದು ಕೈ ಎತ್ತಿ ತೋರಿಸಿ, ತಾವು ಒಬ್ಬರೇ ಕೆಳಗಿಳಿದ ನಮ್ಮ ಗುರುಗಳು, ಅಚ್ಚ ಬಿಳಿ ಅಂಗಿಯ ಸಮೇತ ಆ ಕೆಸರಿನಲ್ಲಿ ಅಂಗಾತ ಬಿದ್ದರು. ಅಂದು ಆಕಾಶ ನೋಡಿದವರು ಅವರೊಬ್ಬರೇ. ಯಾಕೆ ಇಳಿದಿರೆಂದು ಕೇಳಿದವರಿಗೆಲ್ಲ, ನೀರಿನ ಆಳ ನೋಡಲು ಹೋಗಿದ್ದೆನೆಂದು ಹೇಳಿದರು.

ಪರೀಕ್ಷೆಯಲ್ಲಿ ಬಂದ ವಿಷಯ, ಮರೆಯಲಾಗದ ಒಂದು ಘಟನೆ.

ಮುಂದಿನದನ್ನು ಓದುಗರು ಊಹಿಸಬಲ್ಲರು. ತರಗತಿಗೆ ತರಗತಿಯೇ ಗುರುಗಳನ್ನು ಕೆಸರಿನಲ್ಲಿ ಬೀಳಿಸಿತು. ಪತ್ರಿಕೆಗಳು ತಿದ್ದಲು ಜಮಖಂಡಿಗೆ ಹೋಗಿದ್ದವು. ಮುಖ್ಯ ಮೌಲ್ಯಮಾಪಕರಾಗಿದ್ದ ಗಂಗಾರಾಮ ಮಾಸ್ತರರು ಪತ್ರಿಕೆಯ ನಂತರ ಪತ್ರಿಕೆಯಲ್ಲಿ ಒಬ್ಬನೇ ಮನುಷ್ಯ ಬೀಳುವುದನ್ನು ಕಂಡು, ಇದು ಸಾಮೂಹಿಕ ನಕಲೆಂದು ತೀರ್ಮಾನಿಸಿ, ಪ್ರಬಂಧಕ್ಕೆ ಎಲ್ಲರಿಗೂ ಸೊನ್ನೆ ಎಂದು ಹೇಳಿಕಳಿಸಿದರು. ದಿಲ್ಲಿಗೆ ಹೋಗಿಬಂದ ತರಗತಿಗೆ ಪೂರ್ತಿ ಅಂಕ ಕೊಟ್ಟಿದ್ದ ಲೋಕ, ಖರೆ ಬರೆದ ನಮಗೆ ಸೊನ್ನೆ ಕೊಟ್ಟಿತ್ತು.

ಈರಪ್ಪನವರು ಕೀಲಿ ಕೇಳಿದರು. ಸರ್ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ, ಒಮ್ಮೆ ಜಮಖಂಡಿಗೆ ಬನ್ನಿರೆಂದು ಅವರನ್ನು ಒಡಂಬಡಿಸಿ, ಸಾಕ್ಷಿಗೆಂದು ಕಾವೇರಿಯನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

"ಎಲ್ಲಾರೂ ನೀವು ಬಿದ್ದದ್ದನ್ನ ಬರದಾರಲ್ರಿ ಕಡಪಟ್ಟಿ ಸರ್" ಎಂದರು ಗಂಗಾರಾಮ ಮಾಸ್ತರರು.

"ಎಲ್ಲಾರೂ ನೋಡ್ಯಾರ್ರಿ. ನಾ ಬಿದ್ದದ್ದಂತೂ ಖರೆ. ನಕಲಾದ್ರ ಎಲ್ಲಾರ ಪತ್ರಿಕೆದಾಗೂ ಒಂದ ರೀತಿ ಬಿದ್ದಿರಬೇಕಲ್ರಿ. ನೀವ ಓದಿ ನೋಡ್ರಿ."

ಮಾಸ್ತರರು ಹುಬ್ಬು ಗಂಟಿಕ್ಕಿಕೊಂಡು ಓದತೊಡಗಿದರು. ಒಬ್ಬನ ಪತ್ರಿಕೆಯಲ್ಲಿ ಸರ್ ಹತ್ತಿ ತುಂಬಿದ ಅಂಡಿಗೆ ಚೀಲದಂತೆ ಬಿದ್ದಿದ್ದರು. ಇನ್ನೊಬ್ಬ ಬಿದ್ದದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿ, ಅವರ ಊಟದ ಡಬ್ಬಿ ತೇಲಿಹೋದದ್ದಕ್ಕೂ ಅದರಲ್ಲಿದ್ದ ಶೇಂಗಾ ಹೋಳಿಗೆಗೂ ಒಂದು ಪುಟ ಮರುಗಿದ್ದ. ಮೈಯೆಲ್ಲ ಕೆಸರಾದರೂ ಹಣೆಯ ವಿಭೂತಿ ಅಳಿಯಲಿಲ್ಲವೆಂದು ಮತ್ತೊಬ್ಬಳು ಆಶ್ಚರ್ಯಪಟ್ಟಿದ್ದಳು. ನಗಬೇಕೋ ಬೇಡವೋ ಎಂದು ನಾವು ಹೆದರಿ ನಿಂತಾಗ ಸರ್ ತಾವೇ ಮೊದಲು ನಕ್ಕು ನಮ್ಮನ್ನು ಪಾರು ಮಾಡಿದರೆಂದು ಕಾವೇರಿ ಬರೆದಿದ್ದಳು. ಓದುತ್ತ ಓದುತ್ತ ಮಾಸ್ತರರ ಹುಬ್ಬು ಸಡಿಲಾಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಓದಿದರು. ಈರಪ್ಪನವರಿಗೆ ಇಂಗ್ಲಿಷ್ ಬಾರದ ಕಾರಣ ಪ್ರತಿಯೊಂದು ಬೀಳುವಿಕೆಯನ್ನೂ ಕನ್ನಡದಲ್ಲಿ ಹೇಳಿಸಿಕೊಂಡು ನಕ್ಕರು.

ಕೊನೆಗೆ ನನ್ನ ಪತ್ರಿಕೆ ಬಂತು. ನಾನು ಮೊದಲೇ ದಂಡೆಗಿಳಿದು ಬರುವಾಗ ನನ್ನ ಹೊಸ ಚಪ್ಪಲಿಯೊಂದು ಕೆಸರಿನಲ್ಲಿ ಸಿಕ್ಕುಬಿದ್ದಿತ್ತು, ಅವ್ವ ಬೈದಾಳೆಂದು ನಾನು ಯಾರಿಗೂ ಹೇಳದೆ ಒಂದೇ ಕಾಲಿನ ಮೇಲೆ ನಿಂತಿದ್ದೆ, ಅದನ್ನು ಕಂಡ ಸರ್ ಸದ್ದಿಲ್ಲದೆ ಚಪ್ಪಲಿ ತರಲು ಇಳಿದರು, ಬಿದ್ದರು, ಬಿದ್ದಲ್ಲಿಂದಲೇ ಚಪ್ಪಲಿಯನ್ನು ಮೇಲಕ್ಕೆ ಎಸೆದರು ಎಂದು ಅದರಲ್ಲಿತ್ತು.

ಈರಪ್ಪನವರ ನಗು ನಿಂತಿತು. "ನೀರಿನ ಆಳ ನೋಡಾಕ ಹೋಗಿದ್ದೆ ಅಂದಿದ್ರಲ್ರಿ ನನ್ನ ಮುಂದ?"

ಸರ್ ತಲೆ ತಗ್ಗಿಸಿ, "ಅದು ಗೈಡಿನ ಕಾಕಾರಿ" ಎಂದರು.

ಅಂಕಗಳು ಮರಳಿ ಬಂದವು. ಹತ್ತನೆಯ ತರಗತಿಯನ್ನು ಸರ್ ಕೈಯಿಂದ ತೆಗೆಯುವ ಮಾತನ್ನು ಮುಂದೆ ಯಾರೂ ಎತ್ತಲಿಲ್ಲ. ಅವರ ಕೈಯಲ್ಲಿ ಕಲಿತು ಶಿಕ್ಷಕರಾದವರು ಮೊದಲು ಹೇಳಿದ ಆ ನಾಲ್ಕೂ ಊರುಗಳಲ್ಲಿದ್ದಾರೆ. ನಾವು ಕಲಿಸುವ ಮಕ್ಕಳೂ ಈಗ ಮೊಬೈಲಿನಿಂದ ಪ್ರಬಂಧ ಇಳಿಸಿಕೊಂಡು ಬರುತ್ತಾರೆ. ಕಾಕಾ ಈಗ ಅಲ್ಲಿ ವಾಸವಾಗಿದ್ದಾನೆ. "ಖರೇನ?" ಎಂದು ಪಕ್ಕದಲ್ಲಿ ಬರೆಯುವುದೊಂದೇ ನಮಗೂ ಉಳಿದಿರುವ ದಾರಿ.

ಮೊನ್ನೆ ಈ ಗ್ರಂಥದ ಸಂಪಾದಕರೂ ನನ್ನ ಸಹಪಾಠಿಗಳೂ ಆದ ಸಿದ್ಧಾರ್ಥ ಅವರು ಫೋನ್ ಮಾಡಿದ್ದರು. "ಎಲ್ಲಾರೂ ಸರ್ ಬಿದ್ದದ್ದನ್ನ ಬರದ ಕಳಿಸ್ಯಾರ್ರಿ. ಓದಿದವರು ನಕಲಂತಾರ. ನೀವರೆ ಬ್ಯಾರೆ ಬರೀರಿ." ನಾನು ಒಪ್ಪಲಿಲ್ಲ. ನಿಮ್ಮದನ್ನು ಬದಲಿಸುತ್ತೀರಾ ಎಂದು ಕೇಳಿದೆ, ಅವರೂ ಒಪ್ಪಲಿಲ್ಲ. ಆದ್ದರಿಂದ ಈ ಗ್ರಂಥದಲ್ಲಿ ಗುರುಗಳು ಪದೇ ಪದೇ ಬೀಳುತ್ತಾರೆ. ಓದುಗರು ಅನ್ಯಥಾ ಭಾವಿಸಬಾರದು, ನಾವೆಲ್ಲ ಅಲ್ಲಿದ್ದೆವು.

ಪೂಜ್ಯರು ನೂರು ವರ್ಷ ಸುಖವಾಗಿ ಬಾಳಲಿ, ಅವರ ಕೆಂಪು ಪೆನ್ನಿನ ಮಸಿ ಎಂದೂ ಒಣಗದಿರಲಿ, ಓಣಿಯ ಮಕ್ಕಳು ಸಂಜೆ ಅವರ ಕಟ್ಟೆಯ ಮೇಲೆ ಕುಳಿತು ತಮ್ಮ ತಮ್ಮ ಮನೆಯ ಜಗಳಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿರಲಿ ಎಂದು ಹಾರೈಸುತ್ತೇನೆ. ಇನ್ನೊಂದು ಮಾತು ಉಳಿದಿದೆ. ಅಂದು ನನ್ನ ಪ್ರಬಂಧದ ಕೊನೆಗೆ, ನಮ್ಮ ಸರ್ ಅವರನ್ನು ನಾನು ಎಂದೂ ಮರೆಯುವುದಿಲ್ಲ ಎಂದು ಬರೆದಿದ್ದೆ. ಜಮಖಂಡಿಯಿಂದ ಮರಳುವಾಗ ಬಸ್ಸಿನಲ್ಲಿ ಸರ್ ಅದಕ್ಕೂ ಆಕ್ಷೇಪ ತೆಗೆದರು: "ಅದೊಂದು ಸಾಲು ಗೈಡಿನದು. ಮರೀತಿಯೋ ಇಲ್ಲೋ ನಿನಗ ಈಗ ಹೆಂಗ ಗೊತ್ತು? ಇಪ್ಪತ್ತ ವರ್ಷ ಆಗಲಿ, ಆಮ್ಯಾಲೆ ಬರಿ."

ಇಪ್ಪತ್ತು ವರ್ಷ ಆಯಿತು ಸರ್. ಮರೆತಿಲ್ಲ.