ನಾಲ್ಕನೆಯ ಸುತ್ತು

ಹೋದ ತಿಂಗಳು ನಮ್ಮ ಬೇಸ್‌ಮೆಂಟಿನಲ್ಲಿದ್ದ, ಬಟ್ಟೆ ಒಣಗಿಸುವ ಡ್ರೈಯರ್ ಕೆಟ್ಟಿತು. ಹೊಸದನ್ನು ತಂದವರು ಹಳೆಯದನ್ನು ಗೋಡೆಯಿಂದ ಈಚೆಗೆ ಎಳೆದಾಗ, ಧೂಳಿನ ಉಂಡೆಗಳ ನಡುವೆ ಕಿತ್ತಳೆ ಬಣ್ಣದ ಉದ್ದನೆಯ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿತು. ಕೆಲಸಕ್ಕೆ ಬಂದವನು ಅದನ್ನು ಡ್ರೈಯರಿನದೇ ಭಾಗವೆಂದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಸ್ಕೇಟಿಂಗ್ ಬೂಟಿನ ಬ್ಲೇಡಿಗೆ ತೊಡಿಸುವ ಕವಚ ಅದು. ಐಸ್ ಮೇಲಿಂದ ಇಳಿದು ನೆಲದ ಮೇಲೆ ಓಡಾಡುವಾಗ ಅಂಚು ಮೊಂಡಾಗದಿರಲಿ ಎಂದು ಹಾಕಿಕೊಳ್ಳುವುದು. ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಮಗಳು, "ಓ, ಅದು ಅವರ್ದು!" ಎಂದಳು. ಯಾರದೆಂದು ನಾನು ಕೇಳಬೇಕಾಗಲಿಲ್ಲ.

2020ರ ಆರಂಭದಲ್ಲಿ, ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದಿದ್ದ ಅಮೆರಿಕನ್ ಹುಡುಗನದು. ಹುಡುಗ ಎನ್ನುತ್ತೇನೆ, ಆಗಲೇ ಅವನಿಗೆ ಇಪ್ಪತ್ತೇಳು. ಮಗಳು ವಾರಕ್ಕೊಮ್ಮೆ ಸ್ಕೇಟಿಂಗ್ ಕಲಿಯಲು ಹೋಗುತ್ತಿದ್ದ ಐಸ್ ರಿಂಕಿನಲ್ಲೇ ಅವನೂ ಅಭ್ಯಾಸ ಮಾಡುತ್ತಿದ್ದ. ರಿಂಕಿಗೆ ಹತ್ತಿರದಲ್ಲಿ ಒಂದು ಕೋಣೆ ಬೇಕೆಂದು ಹುಡುಕುತ್ತಿದ್ದಾನೆ ಎಂದು ಅಲ್ಲಿಯವರೇ ಹೇಳಿದರು. ಪುರುಷರ ಸಿಂಗಲ್ಸ್ ಫಿಗರ್ ಸ್ಕೇಟರ್. "ಅಂದ್ರೆ ಐಸ್ ಮೇಲೆ ಡ್ಯಾನ್ಸ್ ಮಾಡ್ತಾನಾ? ಅದೇ ಕೆಲಸಾನಾ?" ಎಂದು ನನ್ನ ಗಂಡ ಕೇಳಿದ್ದರು. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಅವನ ಊರು ದಕ್ಷಿಣ ಕ್ಯಾರೊಲೈನಾದ ಕಡೆ. ಅಪ್ಪನದು ಟೈರ್ ಅಂಗಡಿ. ಐಸ್ ಎಂದರೆ ಶರಬತ್ತಿಗೆ ಹಾಕುವುದು ಎಂದಷ್ಟೇ ತಿಳಿದ ಊರು ಎಂದು ಅವನೇ ನಗುತ್ತಿದ್ದ. ಯಾರದೋ ಹುಟ್ಟುಹಬ್ಬಕ್ಕೆಂದು ದೂರದ ಶಾರ್ಲೆಟ್ ನಗರದ ರಿಂಕಿಗೆ ಹೋದ ಆರು ವರ್ಷದ ಮಗು ಅಲ್ಲಿಂದ ಮನೆಗೆ ಬರಲು ಒಪ್ಪಲೇ ಇಲ್ಲವಂತೆ. ಆಮೇಲೆ ಅವನಮ್ಮ ಶಾಲೆಗೆ ಮುಂಚೆ ಅಷ್ಟು ದೂರ ಡ್ರೈವ್ ಮಾಡಿ ಅವನನ್ನು ಕರೆದೊಯ್ಯುತ್ತಿದ್ದರು. ಹೈಸ್ಕೂಲಿನ ಹೊತ್ತಿಗೆ ಮನೆ ಬಿಟ್ಟು ಕೋಚ್ ಇದ್ದ ಊರಿಗೆ ಹೋದ. ಕಿರಿಯರ ವಿಭಾಗದಲ್ಲಿ ಪದಕ ಬಂತು. ಹಿರಿಯರ ವಿಭಾಗಕ್ಕೆ ಬಂದ ಮೇಲೆ ಪ್ರತಿ ವರ್ಷ ದೇಶದ ಮೊದಲ ಹತ್ತರೊಳಗೆ ಇರುತ್ತಿದ್ದ, ಒಮ್ಮೆ ಐದನೆಯವನೂ ಆಗಿದ್ದ. ಹೊರದೇಶಗಳಿಗೆ ಹೋಗಿ ಸ್ಪರ್ಧಿಸಿದ್ದ. ಒಲಿಂಪಿಕ್ಸ್ ಮಾತ್ರ ಪ್ರತಿಸಲವೂ ಒಂದೆರಡು ಮೆಟ್ಟಿಲು ಮೇಲೆಯೇ ಉಳಿಯಿತು.

ಅವನ ಕಣ್ಣೆದುರಿಗೇ ಆಟ ಬದಲಾಗಿಬಿಟ್ಟಿತ್ತು. ಅವನು ಬೆಳೆಯುವಾಗ ಗಾಳಿಯಲ್ಲಿ ಮೂರು ಸುತ್ತು ಸುತ್ತಿ ಒಂದೇ ಕಾಲಿನ ಮೇಲೆ ಇಳಿದರೆ ಅದೇ ದೊಡ್ಡದು. ಅವನು ಹಿರಿಯರ ಸಾಲಿಗೆ ಬರುವ ಹೊತ್ತಿಗೆ ಹದಿನೇಳು, ಹದಿನೆಂಟರ ಹುಡುಗರು ನಾಲ್ಕು ಸುತ್ತು ಸುತ್ತುತ್ತಿದ್ದರು, ಅದೂ ಒಂದೇ ಕಾರ್ಯಕ್ರಮದಲ್ಲಿ ಎರಡು ಮೂರು ಸಲ. ಇವನ ಚಲನೆಯ ಸೊಗಸಿಗೆ, ಸಂಗೀತದೊಳಗೆ ಇವನು ಕರಗುತ್ತಿದ್ದ ರೀತಿಗೆ ಎಲ್ಲರೂ ತಲೆದೂಗುತ್ತಿದ್ದರು. ಅಂಕ ಮಾತ್ರ ಆ ನಾಲ್ಕನೆಯ ಸುತ್ತಿಗೆ ಹೋಗುತ್ತಿತ್ತು. ಅಭ್ಯಾಸದಲ್ಲಿ ಅವನಿಗೂ ಅದು ಆಗೊಮ್ಮೆ ಈಗೊಮ್ಮೆ ಒಲಿಯುತ್ತಿತ್ತು. ಸ್ಪರ್ಧೆಯಲ್ಲಿ ಒಮ್ಮೆಯೂ ಒಲಿದಿರಲಿಲ್ಲ.

ಅವನು ಬಂದ ಸ್ವಲ್ಪ ದಿನಕ್ಕೇ ನನ್ನ ಅತ್ತೆ ಮೈಸೂರಿನಿಂದ ಬಂದರು. ಮೂರು ತಿಂಗಳು ಇದ್ದು ಹೋಗುವುದೆಂದು ಬಂದವರು. ಮಾರ್ಚ್‌ನಲ್ಲಿ ಕೊರೋನಾ ಬಂದು ಎಲ್ಲವೂ ಮುಚ್ಚಿತು. ವಿಮಾನಗಳು ನಿಂತವು, ರಿಂಕೂ ಬಾಗಿಲು ಹಾಕಿತು. ನಾನೊಂದು ರೂಮಿನಲ್ಲಿ, ಗಂಡ ಇನ್ನೊಂದರಲ್ಲಿ ಲ್ಯಾಪ್‌ಟಾಪಿನ ಮುಂದೆ. ಮಗಳ ಶಾಲೆ ಡೈನಿಂಗ್ ಟೇಬಲ್ ಮೇಲೆ. ಮಾಡಲು ಏನೂ ಇಲ್ಲದವರೆಂದರೆ ಮನೆಯಲ್ಲಿ ಇಬ್ಬರೇ... ಮೇಲೆ ಅತ್ತೆ, ಕೆಳಗೆ ಅವನು.

ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅತ್ತೆ ಕೂಗಿದರು. "ಬಾರಮ್ಮ ಇಲ್ಲಿ! ಈ ಹುಡುಗ ಏನೋ ಮಾಡ್ಕೋತಾ ಇದಾನೆ ನೋಡು."

ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ, ಬರೀ ಓಡುವ ಶೂ ಹಾಕಿಕೊಂಡು ಅವನು ಜಿಗಿಯುತ್ತಿದ್ದ. ಕೈಗಳನ್ನು ಎದೆಗೆ ಬಿಗಿದು, ಬುಗುರಿಯ ಹಾಗೆ ಸುತ್ತಿ, ಒಂದು ಕಾಲಿನ ಮೇಲೆ ಇಳಿದು ಇನ್ನೊಂದನ್ನು ಹಿಂದಕ್ಕೆ ಚಾಚಿ ನಿಲ್ಲುತ್ತಿದ್ದ. ಎದುರು ಮನೆಯವರು ನಾಯಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದರು. ಮಾರನೆಯ ದಿನದಿಂದ ಅತ್ತೆ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಾಫಿ ಲೋಟ ಹಿಡಿದು ಕೂರತೊಡಗಿದರು. ಚೆನ್ನಾಗಿ ಇಳಿದರೆ "ಭೇಷ್" ಎನ್ನುವರು. ಅವನು ತಲೆಬಾಗಿ ವಂದಿಸುವನು. ನಾನು ಅವರನ್ನು ಕರೆಯುವುದನ್ನು ಕೇಳಿ "ಅತ್ತೆ" ಎಂಬುದು ಅವರ ಹೆಸರೆಂದೇ ಅವನು ತಿಳಿದಿದ್ದ. ಅವನ ಬಾಯಲ್ಲಿ ಅದು "ಆಟೆ" ಆಗುತ್ತಿತ್ತು. ಅದರ ಅರ್ಥ ಗೊತ್ತಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಬದಲಿಸಲಿಲ್ಲ.

ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ ಆಗಿದ್ದು ನಿವೃತ್ತರಾದವರು. ಫಿಗರ್ ಸ್ಕೇಟಿಂಗ್ ಬಗ್ಗೆ ಅವರಿಗೆ ಏನೂ ತಿಳಿಯದು. ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಅವರಿಬ್ಬರೂ ಬೆಳಗಿನ ಹೊತ್ತು ಅಲ್ಲಿ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಏನು ಮಾತೆಂದು ನನಗೆ ಇವತ್ತಿಗೂ ಗೊತ್ತಿಲ್ಲ...

ಬೇಸಿಗೆಯ ಕೊನೆಗೆ ರಿಂಕ್ ತೆರೆಯಿತು. ಒಂದು ಹೊತ್ತಿಗೆ ಕೆಲವೇ ಜನ, ಮುಖಕ್ಕೆ ಮಾಸ್ಕ್. ಅವನು ನಾಲ್ಕು ಸುತ್ತಿನ ಜಿಗಿತದ ಬೆನ್ನುಹತ್ತಿದ. ಬಿದ್ದ, ಮತ್ತೆ ಮತ್ತೆ ಬಿದ್ದ. ಪ್ರತಿಸಲವೂ ಬಲಗಡೆಗೇ ಬೀಳುತ್ತಿದ್ದರಿಂದ ಸೊಂಟದ ಆ ಭಾಗ ನೀಲಿಗಟ್ಟಿತ್ತು. ಒಂದು ಸಂಜೆ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಸೊಂಟಕ್ಕೆ ಐಸ್ ಚೀಲ ಒತ್ತಿಕೊಂಡು ಕೂತಿದ್ದ. ಅತ್ತೆ ಅದನ್ನು ಕಿತ್ತುಕೊಂಡರು. "ಐಸ್ ಮೇಲೆ ಬಿದ್ದು ಬಂದವನಿಗೆ ಮತ್ತೆ ಐಸಾ? ಇದ್ಯಾವ ನ್ಯಾಯ?" ಎಂದು ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಶಾಖ ಕೊಟ್ಟುಕೊಳ್ಳಲು ಹೇಳಿದರು. ಅವನು ಮರುಮಾತಾಡದೆ ಒತ್ತಿಕೊಂಡ.

ಆ ಸಂಜೆಯೇ ಅವನು ಹೇಳಿದ್ದು. ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಚಳಿಗಾಲದ ರಾಷ್ಟ್ರೀಯ ಸ್ಪರ್ಧೆಯೇ ತನ್ನ ಕೊನೆಯದು, ಇದನ್ನು ಇನ್ನೂ ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ ಎಂದ. ನಾಲ್ಕು ಸುತ್ತನ್ನು ಬಿಟ್ಟುಬಿಡು ಎಂದು ಕೋಚ್ ಹೇಳುತ್ತಿದ್ದರು. ಮೂರು ಸುತ್ತಿನ ಜಿಗಿತಗಳನ್ನೇ ತಪ್ಪಿಲ್ಲದೆ ಮಾಡಿದರೆ ಮೊದಲ ಆರರೊಳಗೆ ಬರಬಹುದು, ರಾಷ್ಟ್ರೀಯ ತಂಡದಲ್ಲಿ ಹೆಸರು ಸೇರಬಹುದು, ಗೌರವವಾಗಿ ಮುಗಿಸಬಹುದು. ಕೋಚ್ ಹೇಳುವುದು ಸರಿ ಎಂದು ಅವನಿಗೂ ಗೊತ್ತಿತ್ತು. "ಆದರೆ ಜಿಗಿಯದೆ ಮುಗಿಸಿದರೆ ಆಮೇಲೆ ಹೇಗಿರುತ್ತೆ ಅಂತ ಗೊತ್ತಾಗ್ತಿಲ್ಲ" ಎಂದ.

"ಅವನಿಗೆ ಹೇಳು, ನಾನೂ ಜಿಗೀತಿದ್ದೆ ಅಂತ" ಎಂದರು ಅತ್ತೆ.

ನಾನು ಆ ಮನೆಯ ಸೊಸೆಯಾಗಿ ಎಷ್ಟೋ ವರ್ಷಗಳಾಗಿದ್ದವು. ಆ ಕಥೆ ಕೇಳಿದ್ದು ಅವತ್ತೇ. ಕಾಲೇಜಿನಲ್ಲಿದ್ದಾಗ ಅತ್ತೆ ಹೈಜಂಪ್ ಮಾಡುತ್ತಿದ್ದರು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಗೆದ್ದು ರಾಜ್ಯಮಟ್ಟಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಪತ್ರಿಕೆಯಲ್ಲಿ ಅವರ ಫೋಟೊ ಬಂತು. ಚಡ್ಡಿ ಹಾಕಿಕೊಂಡು, ಎರಡೂ ಕಾಲು ಗಾಳಿಯಲ್ಲಿರುವ ಫೋಟೊ. ಅವರ ತಂದೆ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರಂತೆ. ಬೈಯಲಿಲ್ಲವಂತೆ. ಮುಂದಿನ ವಾರ ಹೆಣ್ಣು ನೋಡಲು ಬಂದರು. ಆಮೇಲೆ ಬಿ.ಪಿ.ಎಡ್. ಓದಿದ್ದು, ಕೆಲಸ ಮಾಡಿದ್ದು ಎಲ್ಲ ಮಾವನವರು ಒಪ್ಪಿದ್ದರಿಂದ ಆಯಿತು. ಆದರೆ ಜಿಗಿತ ಅಲ್ಲಿಗೇ ನಿಂತಿತು.

"ನಂದು ಯಾವುದು ಕೊನೇ ಜಿಗಿತ ಅಂತ ಜಿಗಿಯೋವಾಗ ನಂಗೆ ಗೊತ್ತೇ ಇರ್ಲಿಲ್ಲ. ನಿಂಗೆ ಗೊತ್ತಿದೆ" ಎಂದರು ಅತ್ತೆ.

ನಾನು ಹೇಳಿದೆ. ಅವನು ಉಪ್ಪಿನ ಗಂಟನ್ನು ಕೆಳಗಿಟ್ಟು ಕೇಳಿದ: "ಗೊತ್ತಿದ್ದಿದ್ರೆ ಏನು ಮಾಡ್ತಿದ್ರಿ?"

"ಕೋಲನ್ನ ಇನ್ನೊಂದು ಚೂರು ಮೇಲಕ್ಕೆ ಇಡಿಸ್ತಿದ್ದೆ" ಎಂದರು ಅತ್ತೆ, ಕೂಡಲೇ. "ಹೈಜಂಪಲ್ಲಿ ಗೆದ್ದೋಳೂ ಕೊನೆಗೆ ಕೋಲು ಬೀಳಿಸೇ ಮನೆಗೆ ಹೋಗೋದು. ಗೆದ್ದಾಯ್ತು ಅಂತ ಯಾರೂ ಸುಮ್ನೆ ಹೋಗಲ್ಲ. ಇನ್ನೂ ಎತ್ತರ ಇಡಿಸ್ತಾಳೆ, ಬೀಳಿಸ್ತಾಳೆ, ಆಮೇಲೆ ಹೋಗ್ತಾಳೆ."

ಇದನ್ನು ನಾನು ಇಂಗ್ಲಿಷಿಗೆ ತರುವಷ್ಟರಲ್ಲೇ ಅವನು ನಗತೊಡಗಿದ್ದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ.

ಸ್ಪರ್ಧೆಯ ದಿನ ನಾವೆಲ್ಲ ಟಿವಿಯ ಮುಂದೆ ಕೂತೆವು. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ, ಆಸನಗಳೆಲ್ಲ ಖಾಲಿ. ಅದರಿಂದಾಗಿ ಬ್ಲೇಡು ಐಸ್ ಮೇಲೆ ಕೊರೆಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕಡುನೀಲಿ ಅಂಗಿ ತೊಟ್ಟಿದ್ದ. ನಮ್ಮ ಡ್ರೈಯರಿನಲ್ಲಿ ಬಟ್ಟೆ ಒಣಗಿಸಿಕೊಳ್ಳುತ್ತಿದ್ದವನು ಇವನೇನಾ ಅನ್ನಿಸಿತು. ಪಿಯಾನೊ ಶುರುವಾಯಿತು. ಅವನು ಹಿಮ್ಮುಖವಾಗಿ ಜಾರುತ್ತಾ ವೇಗ ಕೂಡಿಸಿಕೊಂಡು ಮೂಲೆಯ ಕಡೆ ತಿರುಗಿದ. ಜಿಗಿತ ಬರುತ್ತಿದೆ ಎಂದು ಮಗಳು ಕಿರುಚಿದಳು. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡರು.

ಬಿದ್ದ. ದೊಪ್ಪನೆ, ಬಲಗಡೆಗೇ.

"ಎದ್ನಾ?" ಕಣ್ಣು ತೆರೆಯದೆ ಅತ್ತೆ ಕೇಳಿದರು.

"ಎದ್ದ, ಅತ್ತೆ."

ಆಮೇಲೆ ಅವನು ಮಾಡಿದ್ದನ್ನು ಹೇಗೆ ಹೇಳಲಿ... ಒಂದೂ ತಪ್ಪಲಿಲ್ಲ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಭಾರವೊಂದನ್ನು ಇಳಿಸಿಬಿಟ್ಟವನ ಹಾಗೆ ಆಡಿದ. ಒಂದು ಕಾಲನ್ನು ಹಿಂದಕ್ಕೆ ಎತ್ತಿ, ಕೈ ಚಾಚಿ, ಅಂಗಳದ ಈ ತುದಿಯಿಂದ ಆ ತುದಿಗೆ ಅವನು ಒಂದೇ ಉಸಿರಿನಲ್ಲಿ ತೇಲಿಹೋದಾಗ ಟಿವಿಯಲ್ಲಿ ಮಾತಾಡುತ್ತಿದ್ದವರೂ ಮಾತು ನಿಲ್ಲಿಸಿದರು. ಸಂಗೀತ ಮುಗಿದ ಮೇಲೆ ಚಪ್ಪಾಳೆಯಿಲ್ಲ. ಅವನು ಬಗ್ಗಿ ಅಂಗೈಯನ್ನು ಐಸ್ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ. ನಮ್ಮ ಮನೆಯ ಸೋಫಾದಿಂದ ಅತ್ತೆಯೊಬ್ಬರೇ ಚಪ್ಪಾಳೆ ತಟ್ಟುತ್ತಿದ್ದರು.

ಆ ಸಲ ಮೊದಲ ಹತ್ತರೊಳಗೂ ಬರಲಿಲ್ಲ. ತಂಡ ಸೇರುವ ಮಾತೇ ಇರಲಿಲ್ಲ. ಕೋಚ್ ಎರಡು ದಿನ ಮಾತು ಬಿಟ್ಟಿದ್ದರಂತೆ. ಹಿಂತಿರುಗಿದ ಮೇಲೆ ಹತ್ತು ದಿನ ಕೆಳಗೇ ಪ್ರತ್ಯೇಕವಾಗಿ ಉಳಿದು, ಆಮೇಲೆ ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದ. ನಾಲ್ಕು ಸುತ್ತೂ ಗಾಳಿಯಲ್ಲೇ ಪೂರ್ತಿಯಾಗಿತ್ತು, ಬಿದ್ದಿದ್ದು ಆಮೇಲೆ, ತೀರ್ಪುಗಾರರೂ ಅದನ್ನು ಒಪ್ಪಿದ್ದಾರೆ ಎಂದು ಅತ್ತೆಗೆ ಹೇಳು ಎಂದ. ನಾನು ಹೇಳಿದೆ. ಅತ್ತೆ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

"ಕೋಲು ಬಿತ್ತಲ್ಲ, ಸರಿ ಹೋಯ್ತು. ಕೂತ್ಕೊ ಮಗಾ, ಊಟ ಮಾಡು."

ಫೆಬ್ರುವರಿಯ ಕೊನೆಗೆ ಅತ್ತೆಗೆ ವಿಮಾನ ಸಿಕ್ಕಿತು. ಏರ್‌ಪೋರ್ಟಿಗೆ ಅವನೂ ಬಂದ, ಸೂಟ್‌ಕೇಸ್‌ಗಳನ್ನು ಅವನೇ ಎತ್ತಿಟ್ಟ. ಆ ವರ್ಷವೇ ಅವನೂ ಅಟ್ಲಾಂಟಾದ ಕಡೆ ಮಕ್ಕಳಿಗೆ ಕಲಿಸುವ ಕೆಲಸ ಹಿಡಿದು ಹೊರಟ. ಮೊದಮೊದಲು ಫೋನು, ಮೆಸೇಜು. ಬರಬರುತ್ತಾ ಹಬ್ಬಕ್ಕೊಮ್ಮೆ. ಆಮೇಲೆ ಅದೂ ಇಲ್ಲ...

ಹೋದ ವರ್ಷ ಅಟ್ಲಾಂಟಾಕ್ಕೆ ಹತ್ತಿರದ ಸುವಾನಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮನೆಯ ಗೃಹಪ್ರವೇಶವಿತ್ತು. ಅವನು ಕಲಿಸುವ ರಿಂಕ್ ಅಲ್ಲಿಂದ ದೂರವಿರಲಿಲ್ಲ. ಬರುತ್ತೇನೆಂದು ತಿಳಿಸಿ ಹೋದೆ. ಮಕ್ಕಳೆಲ್ಲ ಐಸ್ ಮೇಲೆ. ಅವನು ಮಾತ್ರ ತಡೆಗೋಡೆಯ ಹೊರಗೆ, ಸಾದಾ ಶೂ ಹಾಕಿಕೊಂಡು ನಿಂತಿದ್ದ. ನನ್ನನ್ನು ನೋಡಿ ಎರಡು ಹೆಜ್ಜೆ ಬಂದಾಗ ಕುಂಟುವುದು ಕಾಣಿಸಿತು. ಮೂವತ್ತೆರಡಕ್ಕೇ ಸೊಂಟದ ಕೀಲು ಬದಲಾಯಿಸಿದ್ದರು. ಮೆಲ್ಲಗೆ ಜಾರಬಹುದು, ಜಿಗಿಯಬಾರದು ಎಂದು ಡಾಕ್ಟರ್ ಹೇಳಿದ್ದಾರೆ ಎಂದ. "ಮೆಲ್ಲಗೆ ಆಡೋದು ನಂಗೆ ಬರಲ್ಲ. ಅದಕ್ಕೇ ಐಸ್ ಮೇಲೆ ಕಾಲೇ ಇಡಲ್ಲ." ಅದನ್ನು ಅವನು ದುಃಖದಲ್ಲಿ ಹೇಳಲಿಲ್ಲ. ಹವಾಮಾನದ ಬಗ್ಗೆ ಹೇಳುವಂತೆ ಹೇಳಿದ.

ನಾವು ನಿಂತಿದ್ದಾಗಲೇ ಪುಟ್ಟ ಹುಡುಗಿಯೊಬ್ಬಳು ಬಿದ್ದಳು. ಬಿದ್ದಲ್ಲಿಂದಲೇ ತಲೆಯೆತ್ತಿ ಅವನ ಕಡೆ ನೋಡಿದಳು. ತುಟಿ ಆಗಲೇ ನಡುಗುತ್ತಿತ್ತು. ಅವನು ತಟ್ಟನೆ ಬೆನ್ನು ತಿರುಗಿಸಿ ನನ್ನ ಬಳಿ ಏನೋ ಮಾತು ತೆಗೆದ. "ನಾವು ನೋಡ್ತಾ ಇದ್ರೆ ಅಳ್ತಾರೆ. ನೋಡದಿದ್ರೆ ಎದ್ದುಬಿಡ್ತಾರೆ" ಎಂದು ಮೆಲ್ಲಗೆ ಹೇಳಿದ. ಅವಳು ಎದ್ದು, ಮಂಡಿ ಒರೆಸಿಕೊಂಡು ಹೊರಟುಹೋದಳು.

"ಆಟೆ ಹೇಗಿದಾರೆ?" ಎಂದು ಆಮೇಲೆ ಕೇಳಿದ.

ಅತ್ತೆ ತೀರಿಕೊಂಡು ಆಗ ಕೆಲವು ತಿಂಗಳಾಗಿತ್ತು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಹಾಗೇ ಉಳಿದಿತ್ತು. ಮೈಸೂರಿನಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ, ನೋವೇನೂ ಇರಲಿಲ್ಲ ಎಂದು ಹೇಳಿದೆ. ಅವನು ತಡೆಗೋಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ಬೆನ್ನು ತಿರುಗಿಸಿದೆ. ಎದುರು ಗೋಡೆಗೆ ಅಂಟಿಸಿದ್ದ ಬೇಸಿಗೆ ಶಿಬಿರದ ಪೋಸ್ಟರನ್ನು ಮೇಲಿಂದ ಕೆಳಗೆ ಓದಿದೆ. ಮತ್ತೆ ಮೇಲಿಂದ ಓದಿದೆ. ಹಿಂದೆ ಮಕ್ಕಳ ಬ್ಲೇಡುಗಳ ಸದ್ದು ಮಾತ್ರ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ, "ಇನ್ನೊಂದ್ಸಲ, ಎಲ್ಲರೂ!" ಎಂದು ಅವನು ಮಕ್ಕಳಿಗೆ ಕೂಗಿದ್ದು ಕೇಳಿಸಿತು. ಆಗ ತಿರುಗಿದೆ.

ಅವನು ಈಗಲೂ ಅಲ್ಲಿದ್ದಾನೆ, ಚೆನ್ನಾಗಿದ್ದಾನೆ. ಅವನ ಕೈಯಲ್ಲಿ ಕಲಿತ ಮಕ್ಕಳು ಸ್ಪರ್ಧೆಗಳಿಗೆ ಹೋಗುತ್ತಿದ್ದಾರೆ. ಆದರೂ ಇಷ್ಟನ್ನೂ ನಾನು ತೀರಿಹೋದವರ ಬಗ್ಗೆ ಬರೆಯುವ ಹಾಗೆ "ಇದ್ದ, ಮಾಡುತ್ತಿದ್ದ" ಎಂದೇ ಬರೆದಿದ್ದೇನೆ. ತಿದ್ದಲು ನೋಡಿದೆ, ಆಗಲಿಲ್ಲ. ಗಾಳಿಯಲ್ಲಿ ನಾಲ್ಕು ಸುತ್ತು ಪೂರೈಸಿದ ಆ ಮನುಷ್ಯನನ್ನು ಇನ್ನು ಯಾರೂ ನೋಡಲಾರರು, ಅವನೂ ನೋಡಲಾರ. ಅವನಿಗಾಗಿ ದಿನವೂ ಕುರ್ಚಿ ಹಾಕಿಕೊಂಡು ಕೂರುತ್ತಿದ್ದವರೂ ಇಲ್ಲ.